ಮಳೆಗಾಲದಲ್ಲಿ ಪೊರೆ ಒಣಗಿಸುವ ಕೆಲಸ

ಪೆಬ್ಯಾಕ್ಸ್ 1657 ನೋಡಲಿಕ್ಕೆ ಸುಮ್ನೆ ಪ್ಲಾಸ್ಟಿಕ್ ಕಾಳು. ಇದರಿಂದ ಕಾರ್ಬನ್ ಡೈಆಕ್ಸೈಡ್ ಬೇರ್ಪಡಿಸುವ ಪೊರೆ ಮಾಡುವುದು ನನ್ನ ಕೆಲಸ. ಕಾಸರಗೋಡಿನ ತೋಟದ ಮನೆಗಳಿಗೆ ಗೋಬರ್ ಗ್ಯಾಸ್ ಹೊಸತಲ್ಲ. ಅದರಲ್ಲಿ ಉರಿಯುವ ಮೀಥೇನ್ ಸುಮಾರು ಶೇ. 55ರಿಂದ 65, ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಅದನ್ನು ತೆಗೆದರೆ ಗ್ಯಾಸಿನ ಕಾವು ಜಾಸ್ತಿ.

ಪಾಕ ಸುಲಭ. ತೂಕದಲ್ಲಿ 70 ಪಾಲು ಎಥನಾಲ್, 30 ಪಾಲು ನೀರು. ಶೇ. 3ರಷ್ಟು ಕಾಳು ಹಾಕಿ, ಆವಿ ಹಾರದಂತೆ ಮೇಲೆ ಕಂಡೆನ್ಸರ್ ಇಟ್ಟು, 80 ಡಿಗ್ರಿಯ ಆಸುಪಾಸಿನಲ್ಲಿ ತಿರುಗಿಸುತ್ತಾ ಕರಗಿಸುತ್ತೇನೆ. ಗುಳ್ಳೆ ಹೋದ ಮೇಲೆ ಟೆಫ್ಲಾನ್ ತಟ್ಟೆಗೆ ಹೊಯ್ಯುವುದು.

ತಲೆನೋವು ಇರುವುದು ಒಣಗಿಸುವಲ್ಲಿ. ಜೂನ್ ಬಂತೆಂದರೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಇದು! ಎಥನಾಲ್ ಬೇಗ ಹಾರುತ್ತದೆ, ನೀರು ಹಿಂದೆ ಉಳಿಯುತ್ತದೆ. ಬರೀ ನೀರಿನಲ್ಲಿ ಈ ಪ್ಲಾಸ್ಟಿಕ್ (ಪಾಲಿಮರ್) ಕರಗುವುದಿಲ್ಲ, ಹಾಗಾಗಿ ಅಲ್ಲಲ್ಲಿ ಹಾಲುಬಣ್ಣದ ಕಲೆ ಕಟ್ಟುತ್ತದೆ. ಅದಕ್ಕೇ ಮಳೆಗಾಲದಲ್ಲಿ ತಟ್ಟೆಯನ್ನು ಹೊರಗೆ ಇಡುವುದೇ ಇಲ್ಲ. ಓವನ್‌ನ ಹಲಗೆಯನ್ನು ರಸಮಟ್ಟ ಇಟ್ಟು ಸರಿ ಮಾಡಿ, ತಟ್ಟೆಯ ಮೇಲೆ ಆಲಿಕೆ ಕವುಚಿ, 40 ಡಿಗ್ರಿಯಲ್ಲಿ ನಿಧಾನಕ್ಕೆ ಒಣಗಿಸುತ್ತೇನೆ. ಉಳಿದ ಪಸೆಗೆ ವ್ಯಾಕ್ಯೂಮ್ ಓವನ್. ಬೆಳಕಿಗೆ ಹಿಡಿದರೆ ಪೊರೆ ಒಂದೇ ಸಮ ಕಾಣಬೇಕು. ಇಲ್ಲದಿದ್ದರೆ ಗ್ಯಾಸ್ ದಾಟುವ ವೇಗ ಅಳೆಯುವುದು ದಂಡ.

"ಎಂತದಾ ಇದು, ಜರಡಿಯ ಹಾಗೆಯಾ?" ಅಂತ ಸೋದರಮಾವ ಕೇಳಿದ್ದರು. ಅಲ್ಲ ಮಾವ, ಇದರಲ್ಲಿ ತೂತೇ ಇರಬಾರದು. ಪಾಲಿಮರಿನ ಸರಪಳಿಯಲ್ಲಿರುವ ಈಥರ್ ಎಂಬ ಮೆತ್ತನೆ ಭಾಗಕ್ಕೂ ಕಾರ್ಬನ್ ಡೈಆಕ್ಸೈಡಿಗೂ ಚೆನ್ನಾಗಿ ಹೊಂದುತ್ತದೆ. ಅದು ಪೊರೆಯೊಳಗೆ ಕರಗಿ ಆಚೆ ಬದಿಗೆ ದಾಟುತ್ತದೆ. ಮೀಥೇನ್ ಅಷ್ಟು ಕರಗುವುದಿಲ್ಲ.

ಸೂಜಿತೂತು ಇದ್ದರೆ ಕಣ್ಣಿಗೆ ಕಾಣದು, ಗ್ಯಾಸೇ ಹೇಳಬೇಕು. ಮೊದಲು ನೈಟ್ರೋಜನ್ ಬಿಡುತ್ತೇನೆ, ಕಾರ್ಬನ್ ಡೈಆಕ್ಸೈಡ್ ಕೊನೆಗೆ. ಪೊರೆಯನ್ನು ಉಬ್ಬಿಸುವ ಗ್ಯಾಸ್ ಅದು, ಮೊದಲೇ ಬಿಟ್ಟರೆ ಮುಂದಿನ ಲೆಕ್ಕ ಕೆಟ್ಟೀತು. ಒಳ್ಳೆ ಪೊರೆಯಲ್ಲಿ ಅದು ನೈಟ್ರೋಜನ್‌ಗಿಂತ ಹತ್ತಾರು ಪಟ್ಟು ಬೇಗ ದಾಟುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋದರೆ ತೂತು ಇದೆ ಅಂತಲೇ. ಪೊರೆ ಬಿಸಾಡಿ ಹೊಸತು ಹೊಯ್ಯುವುದು.

ಮೀಥೇನ್ ಜೊತೆ ಅಂತರ ಇಷ್ಟಿಲ್ಲ, ಹದಿನೈದು ಇಪ್ಪತ್ತು ಪಟ್ಟಿನ ಆಸುಪಾಸು. ಒಂದೇ ಸುತ್ತಿನಲ್ಲಿ ಮುಗಿಸಹೊರಟರೆ ಮೀಥೇನೂ ಸ್ವಲ್ಪ ಆಚೆ ಹೋಗಿ ನಷ್ಟವಾಗುತ್ತದೆ. ಆದ್ದರಿಂದ ಆಚೆ ಹೋದ ಗ್ಯಾಸನ್ನು ಎರಡನೇ ಪೊರೆಗೆ ಕೊಡಬೇಕು. ಅದಕ್ಕೆ ಮತ್ತೊಂದು ಕಂಪ್ರೆಸರ್, ಮತ್ತೆ ಕರೆಂಟು ಬಿಲ್ಲು. ಒಂದೆರಡು ದನ ಇರುವ ಮನೆಗೆ ಈ ಖರ್ಚು ಹೊಂದುವುದಿಲ್ಲ, ಹಾಲಿನ ಸೊಸೈಟಿ ಮಟ್ಟದಲ್ಲಿ ಮಾಡಿದರೆ ಆದೀತು.