ನಡೆಯೋದಕ್ಕೆ ಬೆಂಗಳೂರಿಗೆ ಯಾಕೆ ಹೋಗ್ಬೇಕು ಮೇಡಂ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡುವ ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ ಇದ್ದೇವೆ. ನಾನು ಮಾಡುವುದನ್ನು ಓಟ ಅಂತ ಉಳಿದ ಹದಿಮೂರು ಜನ ಒಪ್ಪಿರಲಿಲ್ಲ. ಓಟದ ಮಧ್ಯೆ ಲೆಕ್ಕ ಹಾಕಿ ನಡೆಯುತ್ತೇನೆ, ಅದೂ ಸುಸ್ತಾಗುವ ಮೊದಲೇ. ಬೆಂಗಳೂರಿನ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟಕ್ಕೆ ನಾನು ಹೊರಟಾಗ ಗುಂಪಿನ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಎಲ್ಲರ ಮುಂದೆಯೇ ಕೇಳಿದ್ದರು: 'ನಡೆಯೋದಕ್ಕೆ ಬೆಂಗಳೂರಿಗೆ ಯಾಕೆ ಹೋಗ್ಬೇಕು ಮೇಡಂ? ಇಲ್ಲೇ ಕೆರೆ ಇದೆಯಲ್ಲ!'

ಈಗ ಅವರ ಬಾಯಿ ಸ್ವಲ್ಪ ಮುಚ್ಚಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ನಲವತ್ತೊಂಬತ್ತು. ಬ್ಯಾಂಕಿನಲ್ಲಿ ಕ್ಯಾಷಿಯರ್. ದಿನವಿಡೀ ಕೂತೇ ಕೆಲಸ. ಬೆಂಗಳೂರಿನ ವಿಶ್ವ 10ಕೆ ಓಟಕ್ಕೆ ಮೊದಲ ಸಲ ಹೋಗಿದ್ದು 2023ರ ಮೇನಲ್ಲಿ. ಆ ಓಟ 2008ರಿಂದ ನಡೆಯುತ್ತಿದೆ. ಟಿವಿಯಲ್ಲಿ ನೋಡುತ್ತಾ ಪ್ರತಿ ವರ್ಷ 'ಮುಂದಿನ ವರ್ಷ' ಅನ್ನುತ್ತಿದ್ದವಳು ನಾನು. ನಾಲ್ಕು ತಿಂಗಳು ನಿಲ್ಲದೆ ಓಡುವ ಅಭ್ಯಾಸ ಮಾಡಿ ಹೋದೆ. ಜನಜಂಗುಳಿಯ ಹುರುಪಿನಲ್ಲಿ ಮೊದಲ ಮೂರು ಕಿಲೋಮೀಟರು ಕಿಲೋಮೀಟರಿಗೆ ಆರೂವರೆ ನಿಮಿಷದ ಪೇಸ್‌ನಲ್ಲಿ ಹೋಗಿಬಿಟ್ಟೆ. ನನ್ನ ತಾಕತ್ತು ಅದಲ್ಲ. ಹಲಸೂರು ಕೆರೆ ಹತ್ತಿರ ಉಸಿರು ಕಟ್ಟಿತು. ಕೆರೆ ಬಿಟ್ಟು ಮೇಲೆ ಬರುವ ಏರಿನಲ್ಲಿ ಪಕ್ಕೆ ಹಿಡಿಯಿತು. ಏಳನೇ ಕಿಲೋಮೀಟರಿನಲ್ಲಿ ನಡೆದೆ ಅನ್ನುವುದಕ್ಕಿಂತ ತೂರಾಡಿದೆ ಅನ್ನಬೇಕು. ಮುಗಿಸುವ ಹೊತ್ತಿಗೆ ಒಂದು ಗಂಟೆ ಇಪ್ಪತ್ತೊಂದು ನಿಮಿಷ. ಮಾರನೇ ದಿನ ಕೌಂಟರಿನ ಎತ್ತರದ ಕುರ್ಚಿ ಹತ್ತಲು ಅಟೆಂಡರ್ ಕೈ ಕೊಡಬೇಕಾಯಿತು.

ಖರ್ಚಿನ ಮಾತು ಯಾರೂ ಹೇಳಲ್ಲ, ನಾನು ಹೇಳ್ತೀನಿ. ರಿಜಿಸ್ಟ್ರೇಷನ್, ಇಬ್ಬರಿಗೆ ರೈಲು, ರೂಮು, ಆಟೋ, ಊಟ, ಎಲ್ಲಾ ಸೇರಿ ಆರೂವರೆ ಸಾವಿರ ಆಗಿರಬೇಕು. ಬಿಬ್ (ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿ) ತೆಗೆದುಕೊಳ್ಳಲು ಓಟಕ್ಕಿಂತ ಮುಂಚಿನ ದಿನಗಳಲ್ಲೇ ಓಟದ ಸಾಮಾನು ಮಾರುವ ಎಕ್ಸ್‌ಪೋಗೆ ಹೋಗಬೇಕಲ್ಲ, ಪರ ಊರಿನವರಿಗೆ ಅದೇ ದೊಡ್ಡ ದಂಡ. ಅಲ್ಲಿ ಹೋದ ಮೇಲೆ ಕೈ ಸುಮ್ನೆ ಇರುತ್ತಾ? ಸಾವಿರದ ಇನ್ನೂರು ಕೊಟ್ಟು ಮಂಡಿ ಪಟ್ಟಿ ತಂದೆ. ಅದು ಈಗ ನಮ್ಮ ಅತ್ತೆಯ ಮಂಡಿಯಲ್ಲಿದೆ.

ಓಡುತ್ತಾ ನಡೆಯುವ ಕ್ರಮ ನಾನು ಕಂಡುಹಿಡಿದಿದ್ದಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ, 1974ರಿಂದ ಹೊಸಬರಿಗೆ ಹೇಳಿಕೊಡುತ್ತಾ ಬಂದ ಕ್ರಮ ಅದು. ಎಲ್ಲರೂ ಕೇಳಿರುತ್ತೀರಿ. 'ಅದು ಹೊಸಬರಿಗೆ' ಅಂತ ಎಲ್ಲರೂ ಬಿಟ್ಟಿರುತ್ತೀರಿ. ನಾನೂ ಬಿಟ್ಟಿದ್ದೆ.

2024ರ ಏಪ್ರಿಲ್‌ನಲ್ಲಿ ಎರಡನೇ ಸಲ ಹೋದಾಗ ಅದನ್ನು ಮಾಡಿದೆ, ಆದರೆ ತಪ್ಪಾಗಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಅಂತ ಇಟ್ಟುಕೊಂಡಿದ್ದೆ. ಶುರುವಿನಲ್ಲಿ ಮಾತ್ರ ನಾಚಿಕೆ ಆಯಿತು. ಡೋಲು ಬಡೀತಿದಾರೆ, ಅಕ್ಕಪಕ್ಕ ಎಲ್ಲರೂ ನುಗ್ಗುತ್ತಿದ್ದಾರೆ, ನಾನೊಬ್ಬಳು ನಾಲ್ಕನೇ ನಿಮಿಷಕ್ಕೆ ನಡೆಯುವುದು ಹೇಗೆ? ಮೂರು ಕಿಲೋಮೀಟರು ಆಗಲಿ ಅಂದುಕೊಂಡೆ. ಆಮೇಲೆ ನಡೆಯಲು ಶುರು ಮಾಡಿದರೆ ಏನೂ ಪ್ರಯೋಜನ ಇಲ್ಲ. ಸುಸ್ತು ಆಗಲೇ ಕಾಲಿಗೆ ಇಳಿದಿತ್ತು. ಸಾಲ ಬೆಳೆದ ಮೇಲೆ ಬಡ್ಡಿ ಕಟ್ಟಿದ ಹಾಗೆ.

ಇನ್ನೊಂದು ಎಡವಟ್ಟೂ ಆಯಿತು. ರಸ್ತೆ ನಡುವೆ ಇದ್ದಕ್ಕಿದ್ದಂತೆ ಓಟ ನಿಲ್ಲಿಸಿ ನಡೆದೆ. ಹಿಂದಿದ್ದ ಹುಡುಗ ನೇರ ಬಂದು ಬೆನ್ನಿಗೆ ಗುದ್ದಿದ. ಇಬ್ಬರೂ ಬಿದ್ದೆವು. ನನ್ನ ಅಂಗೈ ತರಚಿತು, ಅವನ ಫೋನಿನ ಗಾಜು ಒಡೆಯಿತು. 'ಆಂಟಿ, ನಡೆಯೋರು ಸೈಡಲ್ಲಿ ಹೋಗ್ಬೇಕು' ಅಂದ. ಬೈಗುಳ ಅಷ್ಟಕ್ಕೇ ನಿಂತಿದ್ದು ಪುಣ್ಯ. ಅವತ್ತಿನಿಂದ ಎಡ ಅಂಚಿನಲ್ಲೇ ಓಡುತ್ತೇನೆ. ನಡಿಗೆಗೆ ಐದು ಸೆಕೆಂಡು ಮುಂಚೆ ಕೈ ಎತ್ತುತ್ತೇನೆ. ಬಸ್ ಸ್ಟಾಪಿನಲ್ಲಿ ಕೈ ತೋರಿಸಿದ ಹಾಗೆ ಕಾಣುತ್ತೆ ಅಂತ ನಮ್ಮ ಗುಂಪಿನ ಹುಡುಗರು ಅಣಕಿಸುತ್ತಾರೆ. ಅಣಕಿಸಲಿ.

ಅವತ್ತಿನ ಸಮಯ ಒಂದು ಗಂಟೆ ಹತ್ತೊಂಬತ್ತು. ಎರಡು ನಿಮಿಷ ಉಳಿಸಲು ಇನ್ನೊಂದು ಏಳು ಸಾವಿರ. ಮನೆಯಲ್ಲಿ ಯಜಮಾನರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದರೆ ಅದೇ ದೊಡ್ಡ ಮಾತು.

ಆಮೇಲಿನ ಐದು ತಿಂಗಳು ಕೆರೆ ಏರಿ ಮೇಲೆ ಲೆಕ್ಕಾಚಾರವೇ ಕೆಲಸ. ಮೊದಲು ಕಲ್ಲು ಬೆಂಚುಗಳನ್ನು ಗುರುತು ಮಾಡಿಕೊಂಡೆ. ಎರಡು ಬೆಂಚು ದಾಟುವವರೆಗೆ ಓಟ, ಆಮೇಲೆ ನಡಿಗೆ. ಬೆಂಚುಗಳ ನಡುವಿನ ದೂರ ಒಂದೇ ಅಲ್ಲ, ಅದರ ಮೇಲೆ ಪರಿಚಯದವರು ಬೇರೆ ಕೂತಿರುತ್ತಾರೆ. ನಡೆಯಲು ಶುರು ಮಾಡುವ ಹೊತ್ತಿಗೇ 'ಲೋನ್ ಬಡ್ಡಿ ಈಗ ಎಷ್ಟಿದೆ ಮೇಡಂ?' ಅಂತ ಕೇಳುತ್ತಾರೆ. ಫೋನಿನಲ್ಲಿ ಟೈಮರ್ ಹಾಕಿದೆ. ಒಬ್ಬಳೇ ಓಡುವಾಗ ಸರಿ, ಡೋಲಿನ ಸದ್ದಿನಲ್ಲಿ ಕೇಳಿಸಲ್ಲ ಅನ್ನುವುದು ಬೆಂಗಳೂರಿನಲ್ಲೇ ಗೊತ್ತಾಗಿತ್ತು. ಕೊನೆಗೆ ನಾಲ್ಕೂವರೆ ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ವಾಚ್ ತೆಗೆದುಕೊಂಡೆ. ಮಣಿಕಟ್ಟಿನ ಮೇಲೆ ನಡುಗುತ್ತೆ, ಸದ್ದು ಬೇಡ. ಇಡೀ ವಿಷಯದಲ್ಲಿ ವ್ಯರ್ಥವಾಗದ ದುಡ್ಡು ಅಂದರೆ ಇದೊಂದೇ.

ಬೆಟ್ಟದ ಪ್ರಯೋಗವೂ ನಡೆಯಿತು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನಲ್ಲಿ ನೂರು ಮೆಟ್ಟಿಲು ಹತ್ತುವುದು, ಇಪ್ಪತ್ತು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುವುದು ಅಂತ. ನಂದಿ ಮುಟ್ಟುವಷ್ಟರಲ್ಲಿ ತೊಡೆ ಕಲ್ಲಾಗುತ್ತಿತ್ತು. ಓಟಕ್ಕೆ ಅದರಿಂದ ಏನೂ ಸಿಗಲಿಲ್ಲ. ಸಿಕ್ಕಿದ್ದು ದರ್ಶನ.

ತಿನ್ನುವುದರ ಬಗ್ಗೆ ಇನ್ನೊಂದು ಅಡ್ಡದಾರಿ. ಓಟಗಾರರು ಶಕ್ತಿಗೆ ಅಂತ ಹೀರುವ ಪೇಟೆಯ ಸಿಹಿ ಜೆಲ್ ನನಗೆ ಆಗಲ್ಲ, ಹೊಟ್ಟೆ ತೊಳಸುತ್ತೆ, ಒಂದಕ್ಕೆ ನೂರು ರೂಪಾಯಿ ಮೇಲೆ. ಕಡಲೆ ಚಿಕ್ಕಿ ನೋಡಿದೆ, ಓಡುವಾಗ ಅಗಿಯುವುದು ಅಂದರೆ ಸಾಹಸ, ಚೂರು ಗಂಟಲಿಗೆ ಹೋಗಿ ಕೆಮ್ಮಿ ಸಾಯಬೇಕು. ಖರ್ಜೂರ ಪರವಾಗಿಲ್ಲ, ಬೀಜ ತೆಗೆದಿರಬೇಕು. ಕೊನೆಗೆ ಕೈ ಹಿಡಿದಿದ್ದು ನಾವು ಶಾಲೆಗೆ ಹೋಗುವಾಗ ತಿನ್ನುತ್ತಿದ್ದ ಹುಣಸೆ ಕುಟ್ಟುಂಡೆ. ಹುಣಸೆ, ಬೆಲ್ಲ, ಉಪ್ಪು, ಜೀರಿಗೆ. ಮೆಣಸಿನಕಾಯಿ ಬೇಡ. ಅಡಿಕೆ ಗಾತ್ರದ್ದನ್ನು ಕೆನ್ನೆಯಲ್ಲಿಟ್ಟರೆ ಎರಡು ಕಿಲೋಮೀಟರಿಗೆ ಬರುತ್ತೆ. ಬೆಲ್ಲ ಎಷ್ಟು, ಹುಣಸೆ ಎಷ್ಟು, ಜೊತೆಗೆ ಇನ್ನೇನು ಹಾಕುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಗುಂಪಿನವರಿಗೂ ಹೇಳಿಲ್ಲ.

ಆ ವರ್ಷವೇ ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಓಟದಲ್ಲಿ ಅರ್ಧ ಮ್ಯಾರಥಾನ್‌ಗೆ (ಇಪ್ಪತ್ತೊಂದು ಕಿಲೋಮೀಟರಿನ ಓಟ) ಹೆಸರು ಕೊಟ್ಟೆ. ರಂಗನತಿಟ್ಟಿನ ಹತ್ತಿರ ವಿರಿಜಾ ನಾಲೆಯ ಏರಿ ಮೇಲೆ ಮಣ್ಣಿನ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಕಬ್ಬು. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಅಲ್ಲಿ ಡೋಲಿಲ್ಲ, ನೋಡುವವರೂ ಕಡಿಮೆ. ನಾಚಿಕೆ ಬಿಡಲು ಒಳ್ಳೆಯ ಜಾಗ. ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೊದಲ ಮೂರನೇ ನಿಮಿಷದಿಂದಲೇ. ಶುರುವಿನಲ್ಲಿ ಎಲ್ಲರೂ ನನ್ನನ್ನು ದಾಟಿದರು. ಒಬ್ಬ ವಾಲಂಟಿಯರ್ ಹುಡುಗಿ ಓಡಿ ಬಂದು 'ಕಾಲಿಗೆ ಏನಾದ್ರೂ ಆಯ್ತಾ ಅಮ್ಮ?' ಅಂತ ಕೇಳಿದಳು. ಆಗಿನ್ನೂ ಅರ್ಧ ಕಿಲೋಮೀಟರೂ ಆಗಿರಲಿಲ್ಲ!

ಹತ್ತೂವರೆ ಕಿಲೋಮೀಟರಿಗೆ ತಿರುಗಿದ ಮೇಲೆ ಬಿಸಿಲು ಏರಿತು. ಅಲ್ಲಿಂದ ಆಟ ಬದಲಾಯಿತು. ನನ್ನನ್ನು ದಾಟಿ ಹೋಗಿದ್ದವರು ಒಬ್ಬೊಬ್ಬರಾಗಿ ಎದುರಾದರು, ಮರದ ನೆರಳಿನಲ್ಲಿ ಸೊಂಟ ಹಿಡಿದುಕೊಂಡು. ಹದಿನಾರನೇ ಕಿಲೋಮೀಟರಿನ ನಂತರ ಎಣಿಸತೊಡಗಿದೆ. ಮೂವತ್ತೆಂಟೋ ನಲವತ್ತೋ ಜನರನ್ನು ದಾಟಿದ್ದೇನೆ. ಕೆರೆ ಗುಂಪಿನ ಇಬ್ಬರು ಹುಡುಗರೂ ಅದರಲ್ಲಿದ್ದರು, ಹೆಸರು ಬೇಡ. ಎರಡು ಗಂಟೆ ಐವತ್ತೊಂದು ನಿಮಿಷ. ದೊಡ್ಡ ಸಮಯ ಏನಲ್ಲ, ಆದರೆ ಮಾರನೇ ದಿನ ಕುರ್ಚಿಗೆ ನಾನೇ ಹತ್ತಿದೆ.

ಒಂದು ನಿಮಿಷದ ನಡಿಗೆ ಉದ್ದವಾಯಿತು, ಮೈ ತಣ್ಣಗಾಗುತ್ತೆ ಅಂತ ಅಲ್ಲಿ ಅನಿಸಿತ್ತು. ಎರಡೂವರೆ ನಿಮಿಷ ಓಟ, ಮೂವತ್ತು ಸೆಕೆಂಡು ನಡಿಗೆಗೆ ಬಂದೆ. ಲೆಕ್ಕ ನೋಡಿ. ಕಿಲೋಮೀಟರಿಗೆ ಆರು ನಿಮಿಷ ನಲವತ್ತು ಸೆಕೆಂಡಿನ ಪೇಸ್‌ನಲ್ಲಿ ಎರಡೂವರೆ ನಿಮಿಷಕ್ಕೆ 375 ಮೀಟರ್. ಚುರುಕಾಗಿ ನಡೆದರೆ ಮೂವತ್ತು ಸೆಕೆಂಡಿಗೆ 50 ಮೀಟರ್. ಮೂರು ನಿಮಿಷಕ್ಕೆ 425. ಕಿಲೋಮೀಟರಿಗೆ ಏಳು ನಿಮಿಷದ ಆಸುಪಾಸು. ನಿಲ್ಲದೆ ಓಡಲು ಹೋಗಿ ಎಂಟು ನಿಮಿಷಕ್ಕೆ ಮುಟ್ಟಿದವಳು ನಾನು. ಆ ಮೂವತ್ತು ಸೆಕೆಂಡಿನಲ್ಲಿ ಕೈ ಹೇಗೆ ಇಟ್ಟುಕೊಳ್ಳಬೇಕು, ಉಸಿರು ಹೇಗೆ ಅಂತ ಒಂದು ಸಣ್ಣ ಉಪಾಯ ಇದೆ. ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗ ದೇಣಿಗೆ ವಿಷಯ. 10ಕೆ ಓಟದಲ್ಲಿ ಸಂಸ್ಥೆಗಳಿಗಾಗಿ ದುಡ್ಡು ಎತ್ತಬಹುದಲ್ಲ, 2024ರಲ್ಲೇ ಸರ್ಕಾರಿ ಶಾಲೆ ಮಕ್ಕಳಿಗೆ ಕೆಲಸ ಮಾಡುವ ಒಂದು ಸಂಸ್ಥೆಗೆ ಪ್ರಯತ್ನಿಸಿದ್ದೆ. ವಾಟ್ಸಾಪ್‌ನಲ್ಲಿ ಸುಮಾರು ಇನ್ನೂರು ಜನಕ್ಕೆ ಲಿಂಕ್ ಕಳಿಸಿದೆ. ಕೈ ಮುಗಿದ ಚಿತ್ರ ನೂರು ಬಂತು, ದುಡ್ಡು ಮೂವರಿಂದ, ಒಟ್ಟು ಒಂದೂವರೆ ಸಾವಿರ. ಅದಕ್ಕೂ ಹಿಂದೆ ಊರಿನಲ್ಲೇ ಒಂದು ಚಾರಿಟಿ ನಡಿಗೆಗೆ ತಲಾ ಐನೂರು ಕೊಟ್ಟು ನಾವೆಲ್ಲ ಹೋಗಿದ್ದೆವು. ಟೀ ಶರ್ಟು ಬಂತು, ಉಪ್ಪಿಟ್ಟು ಬಂತು, ದುಡ್ಡು ಯಾರಿಗೆ ಹೋಯಿತು ಅನ್ನುವ ಲೆಕ್ಕ ಇವತ್ತಿಗೂ ಬಂದಿಲ್ಲ. ಅದರ ಕಹಿ ಜನರ ಬಾಯಲ್ಲಿತ್ತು.

2025ಕ್ಕೆ ಲಿಂಕ್ ಕಳಿಸುವುದನ್ನು ಬಿಟ್ಟೆ. ಕಿಲೋಮೀಟರ್ ಮಾರಿದೆ. ಒಂದು ಹಾಳೆಯಲ್ಲಿ ಹತ್ತು ಗೆರೆ ಎಳೆದು ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಹಿಡಿದುಕೊಂಡು ಹೋದೆ. ಒಂದು ಕಿಲೋಮೀಟರಿಗೆ ಸಾವಿರ ರೂಪಾಯಿ. ಹೆಸರು ಅವರ ಕೈಯಲ್ಲೇ ಬರೆಯಬೇಕು, ಓಟ ಆದ ಮೇಲೆ ಅವರ ಕಿಲೋಮೀಟರನ್ನು ನಾನು ಎಷ್ಟು ನಿಮಿಷದಲ್ಲಿ ಓಡಿದೆ ಅಂತ ವಾಚ್ ನೋಡಿ ಹೇಳುತ್ತೇನೆ. ಒಂದನೆಯದು ಮತ್ತು ಹತ್ತನೆಯದು ಐದೇ ನಿಮಿಷದಲ್ಲಿ ಮಾರಾಟವಾದವು. ಏಳನೆಯದನ್ನು ಯಾರೂ ಮುಟ್ಟಲಿಲ್ಲ. ನಾನು ಅಲ್ಲಿ ತೂರಾಡಿದ ಕತೆ ಎಲ್ಲರಿಗೂ ಗೊತ್ತಿತ್ತು! ಕೊನೆಗೆ ಮ್ಯಾನೇಜರ್ ಅದನ್ನು ಮೂರು ಸಾವಿರಕ್ಕೆ ಕೊಂಡರು, ಒಂದು ಷರತ್ತಿನ ಮೇಲೆ: 'ನನ್ನ ಕಿಲೋಮೀಟರಲ್ಲಿ ನೀವು ನಡೆಯೋ ಹಾಗಿಲ್ಲ.'

ಆಗಲ್ಲ ಸರ್, ಎಲ್ಲಾ ಕಿಲೋಮೀಟರಲ್ಲೂ ಎರಡು ಮೂರು ಸಲ ನಡೀತೀನಿ ಅಂದೆ. ಹಾಗಾದರೆ ರಿಯಾಯಿತಿ ಕೊಡಿ ಅಂತ ಶುರುವಾಯಿತು ಚೌಕಾಸಿ. ಊಟದ ಹೊತ್ತು ಮುಗಿಯುವವರೆಗೂ ನಡೆಯಿತು. ನಾನು ಒಂದು ಪೈಸೆ ಬಿಡಲಿಲ್ಲ.

ದುಡ್ಡು ನನ್ನ ಕೈಗೆ ಮುಟ್ಟಿಸಿಕೊಳ್ಳಲಿಲ್ಲ, ನೇರ ಸಂಸ್ಥೆಯ ಖಾತೆಗೇ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿ ಬೇಕು ಅಂತ ಎಲ್ಲರೂ ಕೇಳಿದರು. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಗೆ ಹೋದವರಿಗಂತೂ ಇಲ್ಲವೇ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಮುಖ ಕೆಡುತ್ತೆ. ಎಲ್ಲಾ ಸೇರಿ ಹನ್ನೆರಡು ಸಾವಿರ ಆಯಿತು. ಹಿಂದಿನ ಸಲದ ಎಂಟು ಪಟ್ಟು.

2025ರ ಏಪ್ರಿಲ್ 27, ಬೆಂಗಳೂರು, ಬೆಳಗಿನ ಜಾವ. ಆ ಹಾಳೆಯನ್ನು ಮಡಿಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೊಂಟದ ಚೀಲದಲ್ಲಿ ಕುಟ್ಟುಂಡೆ ಪಕ್ಕದಲ್ಲಿ ಇಟ್ಟುಕೊಂಡೆ. ಎರಡೂವರೆ ನಿಮಿಷಕ್ಕೆ ವಾಚ್ ನಡುಗಿತು. ಕೈ ಎತ್ತಿದೆ, ಎಡಕ್ಕೆ ಸರಿದೆ, ನಡೆದೆ. ಹಿಂದಿನಿಂದ ಯಾರೋ 'ಕಮಾನ್ ಆಂಟಿ, ಈಗಲೇ ಬಿಟ್ರಾ?' ಅಂದರು. ಹಳದಿ ಶೂ ಹಾಕಿದ್ದರು. ಮುಂದೆ ಎಂಟನೇ ಕಿಲೋಮೀಟರಿನಲ್ಲಿ ಅವರೇ ಸಿಕ್ಕಿದರು, ಫುಟ್‌ಪಾತಿನ ಅಂಚಿನಲ್ಲಿ ಲೇಸು ಬಿಚ್ಚಿ ಕೂತಿದ್ದರು. ನಾನೇನೂ ಅನ್ನಲಿಲ್ಲ. ಅನ್ನಬೇಕು ಅನಿಸಿತು, ಆದರೆ ಕೆನ್ನೆಯಲ್ಲಿ ಹುಣಸೆ ಇತ್ತು.

ಚಿಪ್ ಸಮಯ (ಶುರುವಿನ ಗೆರೆಯಿಂದ ಕೊನೆಯ ಗೆರೆಯವರೆಗೆ ಯಂತ್ರ ಅಳೆದಿದ್ದು) ಒಂದು ಗಂಟೆ ಹನ್ನೆರಡು ನಿಮಿಷ ಚಿಲ್ಲರೆ. ವಾಚಿನಲ್ಲಿ ಮಾತ್ರ 10.2 ಕಿಲೋಮೀಟರು. ಎಡ ಅಂಚನ್ನೇ ಹಿಡಿದರೆ ಬಲ ತಿರುವುಗಳಲ್ಲೆಲ್ಲ ಜಾಸ್ತಿ ಓಡಿದ ಹಾಗಾಗುತ್ತೆ. ಓಟದ ದೂರ ಅಳೆಯುವುದು ತಿರುವುಗಳ ಒಳ ಅಂಚು ಹಿಡಿದ ಅತಿ ಹತ್ತಿರದ ಗೆರೆಯಲ್ಲಿ ಅಲ್ವಾ. ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.

ಸೋಮವಾರ ಬ್ಯಾಂಕಿನಲ್ಲಿ ಹತ್ತೂ ಕಿಲೋಮೀಟರಿನ ಲೆಕ್ಕ ಒಪ್ಪಿಸಿದೆ. ಏಳನೆಯದು ಏಳು ನಿಮಿಷ ಎರಡು ಸೆಕೆಂಡು, ಒಂದನೆಯದಕ್ಕಿಂತ ವೇಗ. ಮ್ಯಾನೇಜರ್ ಕ್ಯಾಲ್ಕುಲೇಟರ್ ತೆಗೆದು, ಇಡೀ ಓಟದಲ್ಲಿ ನಾನು ಹನ್ನೆರಡು ನಿಮಿಷ ನಡೆದಿದ್ದೇನೆ, ಅದರಲ್ಲಿ ತಮ್ಮ ಪಾಲು ಒಂದು ನಿಮಿಷಕ್ಕಿಂತ ಜಾಸ್ತಿ ಅಂತ ಲೆಕ್ಕ ಹಾಕಿದರು. ಆ ನಿಮಿಷದ ದುಡ್ಡು ವಾಪಸ್ ಬೇಕಂತೆ. ಒಂದು ಕಾಫಿ ಕೊಡಿಸಿದೆ.

ಮೇಷ್ಟ್ರು ಇನ್ನೂ ಪೂರ್ತಿ ಒಪ್ಪಿಲ್ಲ. 'ಅದು ನಿಮ್ಮ ವಯಸ್ಸಿಗೆ ಸರಿ' ಅಂತಾರೆ, ಅವರಿಗೆ ಅರವತ್ತಾರು. ಆದರೆ ಹೋದ ವಾರ ಕೆರೆಯ ಆಚೆ ಬದಿಯಲ್ಲಿ, ಬಿದಿರು ಮೆಳೆ ಹತ್ತಿರ, ಯಾರೂ ಇಲ್ಲ ಅಂದುಕೊಂಡು ಅವರು ಕೈ ಎತ್ತಿ ಎಡಕ್ಕೆ ಸರಿದು ನಡೆಯುತ್ತಿದ್ದುದನ್ನು ನಾನು ನೋಡಿದೆ. ನೋಡದವಳ ಹಾಗೆ ಓಡಿಕೊಂಡು ಹೋದೆ.