ಡಿಜಿಟಲ್ ಪಿಯಾನೊ ಕೊಳ್ಳುತ್ತೀರಾ? ದುಡ್ಡನ್ನು ಕೀಗಳಿಗೆ ಹಾಕಿ, ಬಟನ್‌ಗಳಿಗಲ್ಲ

ಹಾರ್ಮೋನಿಯಂ ಇಲ್ಲದ ಊರು ನಮ್ಮ ಉತ್ತರ ಕನ್ನಡದಲ್ಲಿ ಸಿಗುವುದು ಕಷ್ಟ. ಪಿಯಾನೊ ಹಾಗಲ್ಲ. ಅದನ್ನು ಕಲಿಯುವ ಆಸೆ ಇದ್ದವರು ಕಾರವಾರದಲ್ಲೂ ಇದ್ದಾರೆ, ಹೊನ್ನಾವರದಲ್ಲೂ ಇದ್ದಾರೆ, ಶಿರಸಿಯಲ್ಲೂ ಇದ್ದಾರೆ. ಆದರೆ ಅಂಗಡಿಗೆ ಹೋದರೆ ಹೆಚ್ಚಿನವರು 500 ಬಗೆಯ ಸ್ವರ, 200 ಬಗೆಯ ತಾಳ ಇರುವ ಹಗುರ ಕೀಬೋರ್ಡ್ ಹಿಡಿದುಕೊಂಡು ಬರುತ್ತಾರೆ. ಮಗು ಆರು ತಿಂಗಳು ಬಟನ್ ಒತ್ತಿ ಆಡುತ್ತದೆ, ಆಮೇಲೆ ಅದು ಅಟ್ಟಕ್ಕೆ ಹೋಗುತ್ತದೆ. ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ತಂತಿ ಇರುವ ನಿಜವಾದ ಪಿಯಾನೊ ಕರಾವಳಿಯಲ್ಲಿ ಸಾಕುವುದು ಸುಲಭವಲ್ಲ. ಉಪ್ಪುಗಾಳಿಗೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಒಳಗಿನ ಮರ ಉಬ್ಬಿ ಶ್ರುತಿ ಹೋಗುತ್ತದೆ. ಶ್ರುತಿ ಕೂಡಿಸುವವರನ್ನು ದೂರದಿಂದ ಕರೆಸಬೇಕು. ಹಾಗಾಗಿ ನಮಗೆ ಡಿಜಿಟಲ್ಲೇ ಸರಿ.

ಮೊದಲ ಹೆಜ್ಜೆ: ಪಿಯಾನೊನೇ ಬೇಕಾ ಅಂತ ಕೇಳಿಕೊಳ್ಳಿ

ಭಜನೆಗೆ, ಹಿಂದೂಸ್ತಾನಿ ಗಾಯನಕ್ಕೆ ಸಾಥ್ ಕೊಡಲು ಬೇಕಿದ್ದರೆ ಪಿಯಾನೊ ಬೇಡ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಇಳಿಯಲು ಶುರು. ಹಾರ್ಮೋನಿಯಂ ಸ್ವರದ ಹಾಗೆ ನಿಲ್ಲುವುದಿಲ್ಲ. ಆ ಕೆಲಸಕ್ಕೆ ಒಳ್ಳೆಯ ಹಾರ್ಮೋನಿಯಂ ಕೊಳ್ಳಿ, ಖರ್ಚೂ ಕಮ್ಮಿ. ಆರ್ಕೆಸ್ಟ್ರಾದಲ್ಲಿ ನುಡಿಸಲು, ತಾಳ ಹಾಕಿಕೊಂಡು ಹಾಡಲು ಬೇಕಿದ್ದರೆ 61 ಕೀಗಳ ಅರೇಂಜರ್ ಕೀಬೋರ್ಡ್, ಅಂದರೆ ತಾಳವನ್ನು ತಾನೇ ನುಡಿಸುವ ಕೀಬೋರ್ಡ್ ಸಾಕು.

ಪಾಶ್ಚಾತ್ಯ ಶೈಲಿಯಲ್ಲಿ ಎರಡೂ ಕೈ ಬಳಸಿ ಪಿಯಾನೊ ಕಲಿಯುವುದಾದರೆ ಮಾತ್ರ ಮುಂದೆ ಓದಿ. ಗ್ರೇಡ್ ಪರೀಕ್ಷೆ ಕಟ್ಟುವ ಯೋಚನೆ ಇದ್ದರೆ ಇನ್ನೊಂದು ವಿಷಯ ಗೊತ್ತಿರಲಿ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಗ್ರೇಡ್ ಪರೀಕ್ಷೆಗಳಲ್ಲಿ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ ವಿಷಯ. ಯಾವುದಕ್ಕೆ ಕೂರುವುದು ಅಂತ ಮೇಷ್ಟ್ರ ಹತ್ತಿರ ಕೇಳಿಯೇ ವಾದ್ಯ ಆರಿಸಿ.

ಎರಡನೇ ಹೆಜ್ಜೆ: ಕೀಗಳನ್ನು ಬೆರಳಿನಿಂದ ಪರೀಕ್ಷಿಸಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಪಿಯಾನೊದಲ್ಲಿ 88 ಕೀಗಳು, 52 ಬಿಳಿ, 36 ಕಪ್ಪು. ಕೀ ಒತ್ತಿದಾಗ ಒಳಗೆ ಒಂದು ಸುತ್ತಿಗೆ ಎದ್ದು ತಂತಿಗೆ ಹೊಡೆಯುತ್ತದೆ. ಆ ಸುತ್ತಿಗೆಯ ಭಾರ ಬೆರಳಿಗೆ ತಿಳಿಯುತ್ತದೆ. ಎಡಗಡೆಯ ಮಂದ್ರದ ಕೀ ಸ್ವಲ್ಪ ಭಾರ, ಬಲಗಡೆ ಹೋದಂತೆ ಹಗುರ. ಒಳ್ಳೆಯ ಡಿಜಿಟಲ್ ಪಿಯಾನೊದಲ್ಲೂ ಕೀ ಕೆಳಗೆ ಇಂಥ ಭಾರದ ಸುತ್ತಿಗೆ ಇರುತ್ತದೆ. ಇದಕ್ಕೆ ಹ್ಯಾಮರ್ ಆಕ್ಷನ್ ಅನ್ನುತ್ತಾರೆ. ಅಗ್ಗದ ಕೀಬೋರ್ಡ್‌ನಲ್ಲಿ ಬರೀ ಸ್ಪ್ರಿಂಗ್. ‘ಸೆಮಿ ವೇಟೆಡ್’ ಎಂದು ಬರೆದಿದ್ದರೆ ಅದೂ ಸ್ಪ್ರಿಂಗೇ, ಸ್ವಲ್ಪ ಬಿಗಿ ಅಷ್ಟೇ.

ಇದರಿಂದ ಏನು ವ್ಯತ್ಯಾಸ? ಸ್ವರ ಎಷ್ಟು ಜೋರಾಗಿ ಬರಬೇಕು ಅನ್ನುವುದನ್ನು ಡಿಜಿಟಲ್ ಪಿಯಾನೊ ನಿರ್ಧರಿಸುವುದು ಕೀ ಕೆಳಗಿಳಿದ ವೇಗ ನೋಡಿ. ಕೀಯಲ್ಲಿ ತೂಕ ಇದ್ದರೆ ಆ ವೇಗ ನಿಮ್ಮ ಹಿಡಿತದಲ್ಲಿರುತ್ತದೆ. ಸ್ಪ್ರಿಂಗ್ ಕೀ ಮೇಲೆ ಕಲಿತ ಮಗು ಮುಂದೆ ನಿಜವಾದ ಪಿಯಾನೊ ಎದುರು ಕೂತರೆ ಬೆರಳು ಸೋಲುತ್ತವೆ. ಮೆಲ್ಲಗೆ ನುಡಿಸಲು ಹೋದರೆ ಸ್ವರವೇ ಬರುವುದಿಲ್ಲ.

ಅಂಗಡಿಯಲ್ಲಿ ಹೀಗೆ ಮಾಡಿ. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ, ಸುಮ್ನೆ ಕೀಗಳನ್ನು ಒತ್ತುತ್ತಾ ಹೋಗಿ. ಸ್ವರದ ಸೊಗಸಿಗೆ ಮನಸ್ಸು ಹೋಗಬಾರದು. ಕಟಕಟ ಸದ್ದು ಎಷ್ಟು, ಕೀ ಅಕ್ಕಪಕ್ಕ ಅಲ್ಲಾಡುತ್ತದಾ ನೋಡಿ. ಆಮೇಲೆ ವಾಲ್ಯೂಮ್ ಏರಿಸಿ ಒಂದೇ ಕೀಯನ್ನು ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ ಒತ್ತಿ. ಸ್ವರ ಹಂತ ಹಂತವಾಗಿ ಏರಬೇಕು. ಇದ್ದಕ್ಕಿದ್ದಂತೆ ಜಿಗಿಯಬಾರದು. ಬಿಳಿ ಕೀಯನ್ನು ತುದಿಯಲ್ಲಿ ಒತ್ತಿ, ಮತ್ತೆ ಎರಡು ಕಪ್ಪು ಕೀಗಳ ನಡುವೆ ಬೆರಳು ತೂರಿಸಿ ಒತ್ತಿ. ಒಳಗಡೆ ಎಲ್ಲ ಪಿಯಾನೊದಲ್ಲೂ ಸ್ವಲ್ಪ ಗಟ್ಟಿ. ಒತ್ತಲಿಕ್ಕೇ ಆಗದಷ್ಟು ಗಟ್ಟಿಯಾದರೆ ಆ ಮಾಡೆಲ್ ಬಿಡಿ. ಕೊನೆಗೆ ಸ್ವರವನ್ನು ಹಿಡಿದಿಡುವ ಕಾಲಿನ ಪೆಡಲ್ ಒತ್ತಿ ಹಿಡಿದು ಮಂದ್ರದ ಒಂದು ಸ್ವರ ನುಡಿಸಿ, ಕಿವಿಗೊಡಿ. ಒಳ್ಳೆಯ ವಾದ್ಯದಲ್ಲಿ ಅದು ನಿಧಾನವಾಗಿ, ಬಣ್ಣ ಬದಲಿಸುತ್ತಾ ಇಳಿಯುತ್ತದೆ. ಕಳಪೆಯದರಲ್ಲಿ ಬೇಗ ಸಾಯುತ್ತದೆ, ಇಲ್ಲವೇ ಒಂದೇ ತುಣುಕು ಸುತ್ತಿ ಸುತ್ತಿ ಬಂದ ಹಾಗೆ ಕೇಳುತ್ತದೆ.

ನಿಮ್ಮದೇ ಹೆಡ್‌ಫೋನ್ ತಗೊಂಡು ಹೋಗಿ. ಅಂಗಡಿಯ ಗದ್ದಲದಲ್ಲಿ ಇದೆಲ್ಲ ಕೇಳುವುದಿಲ್ಲ.

ಮೂರನೇ ಹೆಜ್ಜೆ: ಸ್ಟೇಜ್ ಪಿಯಾನೊನಾ, ಪೋರ್ಟಬಲ್ಲಾ?

ಸ್ಟೇಜ್ ಪಿಯಾನೊ ಅಂದರೆ ವೇದಿಕೆಗೆಂದೇ ಮಾಡಿದ್ದು. ಬಹಳಷ್ಟು ಮಾಡೆಲ್‌ಗಳಲ್ಲಿ ಒಳಗೆ ಸ್ಪೀಕರ್ ಇರುವುದಿಲ್ಲ. ಬೇರೆ ಆಂಪ್ಲಿಫೈಯರ್ ಬೇಕು, ಬೆಲೆಯೂ ಜಾಸ್ತಿ. ಪೋರ್ಟಬಲ್‌ನಲ್ಲಿ ಸ್ಪೀಕರ್ ಇರುತ್ತದೆ, ತೂಕ ಹೆಚ್ಚುಕಮ್ಮಿ 10ರಿಂದ 15 ಕಿಲೊ. ಮನೆಯಲ್ಲಿ ಕಲಿಯಲು, ಆಗಾಗ ಕಾರ್ಯಕ್ರಮಕ್ಕೆ ಒಯ್ಯಲು ಇದೇ ಸಾಕು.

ಆದರೆ ಚರ್ಚಿನ ಹಾಡುವ ತಂಡಕ್ಕೆ (ಕಾಯರ್), ಶಾಲೆಯ ಸಭಾಂಗಣಕ್ಕೆ ಕೊಳ್ಳುವವರು ಹಿಂಭಾಗ ತಿರುಗಿಸಿ ನೋಡಲೇಬೇಕು. ಒಳಗಿನ 6–8 ವಾಟ್‌ನ ಸ್ಪೀಕರ್ ಅಷ್ಟು ದೊಡ್ಡ ಜಾಗಕ್ಕೆ ಏನೂ ಸಾಲದು. ಮಿಕ್ಸರ್‌ಗೆ ಜೋಡಿಸಲು ಪ್ರತ್ಯೇಕ ಲೈನ್ ಔಟ್ (ಸ್ವರವನ್ನು ಹೊರಗೆ ಕಳಿಸುವ ತೂತು) ಇದೆಯಾ? ಕಮ್ಮಿ ಬೆಲೆಯವುಗಳಲ್ಲಿ ಹೆಡ್‌ಫೋನ್ ತೂತು ಮಾತ್ರ ಇರುತ್ತದೆ. ಅದರಿಂದಲೂ ಕೆಲಸ ನಡೆಯುತ್ತದೆ, ಆದರೆ ಅಲ್ಲಿಗೆ ವೈರ್ ಚುಚ್ಚಿದರೆ ಒಳಗಿನ ಸ್ಪೀಕರ್ ಸಾಮಾನ್ಯವಾಗಿ ಬಂದ್ ಆಗುತ್ತದೆ. ನುಡಿಸುವವರಿಗೆ ತಮ್ಮದೇ ಸ್ವರ ಕೇಳುವುದಿಲ್ಲ.

ನಾಲ್ಕನೇ ಹೆಜ್ಜೆ: ಮಾಡೆಲ್

ಸುಮಾರು 35 ಸಾವಿರದಿಂದ 60 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಯಮಹಾ ಪಿ-145, ಕ್ಯಾಸಿಯೊ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10 ಇವುಗಳನ್ನು ಹೋಲಿಸಿ ನೋಡಿ. ಮೂರರಲ್ಲೂ 88 ಕೀ, ಹ್ಯಾಮರ್ ಆಕ್ಷನ್ ಇದೆ. ಬೆರಳಿನ ಅನುಭವಕ್ಕೆ ನನ್ನ ಮತ ರೋಲ್ಯಾಂಡ್‌ಗೆ. ಕೀ ಮೇಲ್ಮೈ ಸ್ವಲ್ಪ ಒರಟಾಗಿದೆ, ಸೆಕೆಗೆ ಬೆವರಿದ ಬೆರಳು ಜಾರುವುದಿಲ್ಲ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಇದು ಸಣ್ಣ ವಿಷಯವಲ್ಲ. ಹಗುರವಾದದ್ದು ಬೇಕು, ಬಸ್ಸಲ್ಲಿ ಒಯ್ಯಬೇಕು ಅನ್ನುವವರಿಗೆ ಕ್ಯಾಸಿಯೊ. ಅದರ ತೂಕ 10.5 ಕಿಲೊ, ಜೊತೆಗೆ 6 ಎಎ ಸೆಲ್ ಹಾಕಿಯೂ ನಡೆಯುತ್ತದೆ. ಜೂನ್‌ನಲ್ಲಿ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಹಳ್ಳಿಯವರಿಗೆ ಇದೊಂದೇ ಕಾರಣ ಸಾಕು.

ಇನ್ನೂ ಸ್ವಲ್ಪ ಕೈ ಬಿಚ್ಚಬಹುದಾದರೆ ಯಮಹಾ ಪಿ-225, ಕ್ಯಾಸಿಯೊ ಪಿಎಕ್ಸ್-ಎಸ್1100, ರೋಲ್ಯಾಂಡ್ ಎಫ್‌ಪಿ-30ಎಕ್ಸ್. ಈ ಮೂರರಲ್ಲೂ ಲೈನ್ ಔಟ್ ಇದೆ. ಕಾಯರ್‌ಗೆ ಇವೇ ಸರಿ.

ಪಾಲಿಫೊನಿ ಅಂತ ಒಂದು ಸಂಖ್ಯೆ ಹೇಳುತ್ತಾರೆ. ಒಟ್ಟಿಗೆ ಎಷ್ಟು ಸ್ವರ ಮೊಳಗಬಹುದು ಅನ್ನುವ ಲೆಕ್ಕ ಅದು. ಪಿ-145ರಲ್ಲಿ 64, ಎಫ್‌ಪಿ-10ರಲ್ಲಿ 96, ಪಿ-225ರಲ್ಲಿ 192. ಕಲಿಯುವವರಿಗೆ 64 ಸಾಕು. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಟ್ರಾನ್ಸ್‌ಪೋಸ್ ಸೌಲಭ್ಯ, ಅಂದರೆ ಇಡೀ ವಾದ್ಯದ ಶ್ರುತಿಯನ್ನು ಏರಿಸುವ ಇಳಿಸುವ ವ್ಯವಸ್ಥೆ, ಇದೆಯಾ ಕೇಳಿ. ಹಾಡುವವರು ತಮ್ಮ ಶ್ರುತಿ ‘ಬಿಳಿ 4’ ಅಂದರೂ ‘ಕಪ್ಪು 1’ ಅಂದರೂ ಬೆರಳು ಬದಲಿಸದೆ ನುಡಿಸಬಹುದು.

ಸ್ಟ್ಯಾಂಡ್, ಪೆಡಲ್‌ಗೆ ಬೇರೆ ದುಡ್ಡು ಇಟ್ಟುಕೊಳ್ಳಿ. ಜೊತೆಗೆ ಬರುವ ಪ್ಲಾಸ್ಟಿಕ್ ಪೆಡಲ್ ನೆಲದ ಮೇಲೆ ಓಡುತ್ತದೆ. ಕತ್ತರಿಯಂಥ ಸ್ಟ್ಯಾಂಡ್ ಅಲ್ಲಾಡುತ್ತದೆ, ಮೊಣಕಾಲಿಗೂ ತಾಗುತ್ತದೆ. ಗಟ್ಟಿ ಮೇಜಿನ ಆಕಾರದ್ದು ಒಳ್ಳೆಯದು. ಕೀಗಳ ಮೇಲ್ಭಾಗ ನೆಲದಿಂದ 72–74 ಸೆಂಟಿಮೀಟರ್ ಎತ್ತರದಲ್ಲಿರಲಿ.

ಐದನೇ ಹೆಜ್ಜೆ: ಎಲ್ಲಿ ಕೊಳ್ಳುವುದು?

ಕಾರವಾರ, ಅಂಕೋಲಾದವರಿಗೆ ಮಡಗಾಂವ್, ಪಣಜಿ ಹತ್ತಿರ. ಗೋವಾದಲ್ಲಿ ಪಾಶ್ಚಾತ್ಯ ಸಂಗೀತದ ಬಳಕೆ ಹಳೆಯದು, ನುಡಿಸಿ ನೋಡಲು ಅವಕಾಶ ಸಿಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಹೋಗುವ ಮೊದಲು ಫೋನ್ ಮಾಡಿ, ‘88 ಕೀ ಹ್ಯಾಮರ್ ಆಕ್ಷನ್ ಇರುವುದು ನುಡಿಸಿ ನೋಡಲು ಇದೆಯಾ’ ಅಂತಲೇ ಕೇಳಿ. ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್ ತಗೊಳ್ಳಿ. ರಿಪೇರಿಗೆ ಎಲ್ಲಿಗೆ ಒಯ್ಯಬೇಕು ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಪೆಟ್ಟಿಗೆ ಎಸೆಯಬೇಡಿ, ರಿಪೇರಿಗೆ ಕಳಿಸುವಾಗ ಬೇಕು.

ಸೆಕೆಂಡ್ ಹ್ಯಾಂಡ್ ಆದರೆ ಯಮಹಾ ಪಿ-45 ಸಿಗಬಹುದು, ಅಡ್ಡಿಯಿಲ್ಲ. 88 ಕೀಗಳನ್ನೂ ಒಂದೇ ಬಲದಲ್ಲಿ ಒಂದೊಂದಾಗಿ ಒತ್ತಿ. ಒಂದು ಕೀ ಮಾತ್ರ ಕಿರುಚಿದರೆ ಅಥವಾ ಮೂಕವಾದರೆ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್‌ಗೆ ಧೂಳು ಸೇರಿರಬಹುದು. ಅದು ತೊಳೆದರೆ ಸರಿಯಾಗುವ ತೊಂದರೆ. ಅಂಥ ಕೀಗಳು ತುಂಬಾ ಇದ್ದರೆ ಬಿಟ್ಟು ಬನ್ನಿ. ಪೆಡಲ್ ತೂತು, ಅಡಾಪ್ಟರ್ ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಸಮುದ್ರದ ಪಕ್ಕದ ಮನೆಯಲ್ಲಿದ್ದ ವಾದ್ಯವಾದರೆ ಹಸಿರು ಕಿಲುಬು ಅಲ್ಲೇ ಮೊದಲು ಕಾಣುವುದು.

ಮನೆಗೆ ತಂದ ಮೇಲೆ

ಕಡಲ ಕಡೆಯ ಕಿಟಕಿಯ ಹತ್ತಿರ ಇಡಬೇಡಿ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿಸಿಯೂ ಇಡಬೇಡಿ. ಮುಚ್ಚಲು ಹತ್ತಿ ಬಟ್ಟೆ ಸಾಕು. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಕೂರುತ್ತದೆ. ಒಯ್ಯುವ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟ ಇಲ್ಲ, ಬೂಸ್ಟಿನ ಕಾಟ ಇದೆ. ಚೀಲ, ಕುರ್ಚಿಯ ಮೆತ್ತೆಗಳನ್ನು ಬಿಸಿಲು ಬಿದ್ದಾಗೆಲ್ಲ ಹೊರಗೆ ಹಾಕಿ. ಪಿಯಾನೊವನ್ನು ಮಾತ್ರ ಬಿಸಿಲಿಗೆ ಇಡಬೇಡಿ.

ಕಾರವಾರದ ಟಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಂಥ ಬಯಲು ಜಾಗದಲ್ಲಿ ಕಾರ್ಯಕ್ರಮ ಇದ್ದರೆ ನಿಮ್ಮ ಸರದಿ ಬರುವವರೆಗೂ ಪಿಯಾನೊಗೆ ಮುಚ್ಚಿದ ಬಟ್ಟೆ ತೆಗೆಯಬೇಡಿ. ಕೀಗಳ ಸಂದಿಗೆ ಹೊಕ್ಕ ಮರಳನ್ನು ಬಿಚ್ಚದೆ ತೆಗೆಯಲಾಗದು. ಮುಗಿದ ಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಸ್ಪ್ರೇ ಹೊಡೆಯಬೇಡಿ.

ಯಮಹಾ ಪಿ-145, ಕ್ಯಾಸಿಯೊ ಸಿಡಿಪಿ-ಎಸ್110 ಎರಡೂ 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುತ್ತವೆ. ಅದು ಕೆಟ್ಟರೆ ಮನೆಯಲ್ಲಿರುವ ಯಾವುದೋ ರೌಟರ್‌ನದ್ದನ್ನು ಚುಚ್ಚಬೇಡಿ. ವೋಲ್ಟ್ ಒಂದೇ ಇದ್ದರೂ ಪ್ಲಸ್ ಮೈನಸ್ ತಿರುವುಮುರುವು ಇರಬಹುದು. ಕಂಪನಿಯದ್ದನ್ನೇ ತರಿಸಿ. ಸಿಡಿಲು ಮಿಂಚಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು. ಗುಡುಗು ಕೇಳುವ ಮೊದಲೇ ಅಡಾಪ್ಟರ್‌ನ್ನು ಗೋಡೆಯಿಂದ ಕಿತ್ತಿಡಿ. ಮಿಕ್ಸರ್‌ಗೆ, ಕಂಪ್ಯೂಟರ್‌ಗೆ ಹೋಗುವ ವೈರ್‌ಗಳನ್ನೂ ಬಿಡಿಸಿಡಿ.