ಅತಿಥಿ ಉಪನ್ಯಾಸಕರ ಸಂಘ ಕಟ್ಟುವುದು ಹೇಗೆ? ಪಟ್ಟಿ ಮೊದಲು, ಲೆಟರ್‌ಹೆಡ್ ಆಮೇಲೆ

ಮೊದಲು ವಾಟ್ಸ್‌ಆ್ಯಪ್ ಗುಂಪು, ಆಮೇಲೆ ಲೆಟರ್‌ಹೆಡ್, ಸೀಲು, ರಾಜ್ಯಾಧ್ಯಕ್ಷ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಗೌರವಧನಕ್ಕೆ ಪಾಠ ಮಾಡುವ ಅತಿಥಿ ಉಪನ್ಯಾಸಕರ ಸಂಘಗಳು ಹೆಚ್ಚಾಗಿ ಈ ಕ್ರಮದಲ್ಲೇ ಹುಟ್ಟುತ್ತವೆ. ಸೆಮಿಸ್ಟರ್ ಮುಗಿದು ಎಲ್ಲರನ್ನೂ ಬಿಡುಗಡೆ ಮಾಡಿದ ಮೇಲೆ ಯಾರು ಯಾವ ಊರಿನಲ್ಲಿದ್ದಾರೆ ಎಂಬುದೇ ತಿಳಿಯದೆ ಅಲ್ಲಿಗೇ ನಿಂತುಬಿಡುತ್ತವೆ. ಕಾರ್ಖಾನೆಯವರಿಗೆ ದಿನವೂ ಎಲ್ಲರೂ ಸೇರುವ ಒಂದು ಗೇಟು ಇರುತ್ತದೆ. ಅತಿಥಿ ಉಪನ್ಯಾಸಕರಿಗೆ ಅದಿಲ್ಲ. ಇಲಾಖೆ ಕಾಲೇಜು ಹಂಚುವ ಕೌನ್ಸೆಲಿಂಗ್ ಆದಾಗಲೆಲ್ಲ ಕಾಲೇಜು ಬದಲಾಗಬಹುದು, ಕಾರ್ಯಭಾರ, ಅಂದರೆ ಪಾಠದ ಗಂಟೆ, ಕಡಿಮೆಯಾದರೆ ಹೆಸರೇ ಬಿಟ್ಟುಹೋಗಬಹುದು. ಆದ್ದರಿಂದ ಇಲ್ಲಿ ಸಂಘ ಎಂದರೆ ರಜೆಯಲ್ಲೂ ಜೀವಂತವಾಗಿರುವ ಒಂದು ಸದಸ್ಯರ ಪಟ್ಟಿ. ಉಳಿದದ್ದೆಲ್ಲ ಅದರ ಮೇಲೆ ನಿಲ್ಲಬೇಕು.

1. ಏಳು ಜನ

ಆರಂಭಕ್ಕೆ ಏಳು ಜನ ಸಾಕು. ಏಳೂ ಮಂದಿ ಒಂದೇ ಕಾಲೇಜಿನವರು, ಒಂದೇ ವಿಷಯದವರು ಆಗಬಾರದು. ಹತ್ತು ವರ್ಷ ದಾಟಿದವರು, ಹೋದ ವರ್ಷ ಸೇರಿದವರು, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಆದವರು, ಆಗದವರು ಎಲ್ಲರೂ ಇರಲಿ. ಕನಿಷ್ಠ ಮೂವರು ಮಹಿಳೆಯರು ಇರಲೇಬೇಕು. ಕೆಲಸ ಒಂದು ಜಿಲ್ಲೆಗೆ ಸೀಮಿತವಾಗಿರಲಿ, ‘ರಾಜ್ಯ ಸಂಘ’ ಎಂಬ ಹೆಸರು ಈಗಲೇ ಬೇಡ.

2. ಪಟ್ಟಿ

ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತನ್ನಿ. ಹೆಸರು, ವಿಷಯ, ಈಗಿನ ಕಾಲೇಜು, ಹಿಂದಿನ ಕಾಲೇಜು, ವಾರಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದ ಸೇವೆ, ವಿದ್ಯಾರ್ಹತೆ, ಸ್ವಂತ ಊರು, ಎರಡು ಫೋನ್ ನಂಬರು. ಎರಡನೆಯ ನಂಬರು ಮನೆಯವರದ್ದಾಗಿರಲಿ, ಸಿಮ್ ಬದಲಾದಾಗ ಅದೇ ಉಳಿಯುತ್ತದೆ. ಕೊನೆಯ ಕಾಲಂನಲ್ಲಿ ಇವರೊಂದಿಗೆ ಮಾತನಾಡಿದವರು ಯಾರು ಎಂದು ಬರೆಯಿರಿ. ಗೂಗಲ್ ಫಾರಂ ಕಳಿಸಿ ಕೂರುವುದು ಬೇಡ. ಅದನ್ನು ತುಂಬುವವರು ಹೇಗಿದ್ದರೂ ಬರುವವರು, ನಿಮಗೆ ಬೇಕಾದವರು ತುಂಬದೇ ಇರುವವರು.

ಕೌನ್ಸೆಲಿಂಗ್ ನಂತರದ ಹಂಚಿಕೆ ಪಟ್ಟಿ ಮತ್ತು ಕಾಲೇಜುಗಳ ವೇಳಾಪಟ್ಟಿಯಿಂದ ಮುಕ್ಕಾಲು ಹೆಸರು ಸಿಗುತ್ತವೆ. ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಹತ್ತು ಪ್ರಶ್ನೆ ಒಂದೇ ಹಾಳೆಗೆ ತುರುಕಿದರೆ ‘ಒಂದಕ್ಕಿಂತ ಹೆಚ್ಚು ವಿಷಯ’ ಎಂದು ವಾಪಸ್ ಬರುತ್ತದೆ. ಮಂಜೂರಾದ ಮತ್ತು ಖಾಲಿ ಇರುವ ಹುದ್ದೆಗಳಿಗೆ ಒಂದು ಅರ್ಜಿ, ಗೌರವಧನ ಯಾವ ತಿಂಗಳದ್ದು ಯಾವ ದಿನ ಜಮೆಯಾಯಿತು ಎಂಬುದಕ್ಕೆ ಇನ್ನೊಂದು. ಈ ಎರಡನೆಯ ಉತ್ತರ ಮುಂದೆ ಮಾತುಕತೆಯ ಮೇಜಿನ ಮೇಲೆ ಇಡುವ ದಾಖಲೆ.

3. ಒಬ್ಬೊಬ್ಬರ ಜೊತೆ ಮಾತು

ಹೆಚ್ಚಿನವರು ಎಡವುವುದು ಇಲ್ಲೇ. ಸಭೆ ಕರೆದು, ಮೈಕ್ ಹಿಡಿದು, ಕೈ ಎತ್ತಿಸಿ ಎಲ್ಲರೂ ಸೇರಿದರು ಎಂದುಕೊಳ್ಳುತ್ತಾರೆ. ಸಭೆಯಲ್ಲಿ ಕೈ ಎತ್ತಿದವರು ಪ್ರಾಂಶುಪಾಲರ ಕೊಠಡಿಯಲ್ಲಿ ಬಾಯಿ ಬಿಡುವುದಿಲ್ಲ. ಕಾರಣ ಭಯ, ಮತ್ತು ಆ ಭಯ ಸುಳ್ಳಲ್ಲ: ಮುಂದಿನ ಸೆಮಿಸ್ಟರಿಗೆ ಕಾರ್ಯಭಾರ ಇಲ್ಲ ಎಂದುಬಿಟ್ಟರೆ ಕೆಲಸ ಹೋಯಿತು. ಇದನ್ನು ನಾಲ್ಕು ಜನರ ಎದುರು ಯಾರೂ ಒಪ್ಪಿಕೊಳ್ಳುವುದಿಲ್ಲ, ಒಬ್ಬರೇ ಇದ್ದಾಗ ಹೇಳುತ್ತಾರೆ.

ಆದ್ದರಿಂದ ಒಬ್ಬರಿಗೆ ಒಬ್ಬರು, ಮುಕ್ಕಾಲು ಗಂಟೆ, ಕಾಲೇಜಿನ ಹೊರಗೆ. ಸ್ಟಾಫ್‌ರೂಮಿನಲ್ಲಿ ಕಾಯಂ ಸಿಬ್ಬಂದಿಯ ಕಿವಿ ಇರುತ್ತದೆ. ಕೊನೆಯ ತರಗತಿ ಮುಗಿಸಿ ಬಸ್ಸಿಗೆ ಕಾಯುವ ಹೊತ್ತು ಒಳ್ಳೆಯದು. ಮಾತು ಬೇಡಿಕೆಯಿಂದ ಶುರುವಾಗಬಾರದು.

‘ಮೇಡಂ, ಆಗಸ್ಟ್ ತಿಂಗಳದ್ದು ಬಂತಾ?’

‘ಎಲ್ಲಿ ಸರ್, ಮೂರು ತಿಂಗಳದ್ದು ಒಟ್ಟಿಗೆ ಹಾಕ್ತಾರಂತೆ.’

‘ಅಲ್ಲಿವರೆಗೆ ಹೇಗೆ ಸುಧಾರಿಸ್ತೀರಿ?’

ಇಲ್ಲಿ ಸುಮ್ಮನಾಗಿ. ಮಧ್ಯೆ ಬಾಯಿ ಹಾಕಬೇಡಿ, ನಿಮ್ಮ ಕಷ್ಟ ಹೇಳಬೇಡಿ. ಸ್ವಸಹಾಯ ಸಂಘದ ಸಾಲ, ಮಗುವಿನ ಫೀಸು, ಬಾಡಿಗೆ, ಏನು ಬರುತ್ತದೋ ಬರಲಿ. ಆಮೇಲೆ ಎರಡೇ ಪ್ರಶ್ನೆ: ‘ಇದು ಸರಿಹೋಗಬೇಕಾದರೆ ಯಾರು ತೀರ್ಮಾನ ಮಾಡಬೇಕು?’, ‘ನೀವೊಬ್ಬರೇ ಕೇಳಿದರೆ ಕೊಡುತ್ತಾರಾ?’ ಉತ್ತರ ಅವರ ಬಾಯಿಂದಲೇ ಬರಬೇಕು. ಕೊನೆಗೆ ಒಂದು ಸಣ್ಣ ಕೆಲಸ ಒಪ್ಪಿಸಿ, ದಿನಾಂಕ ಗೊತ್ತುಮಾಡಿ: ‘ಶುಕ್ರವಾರದೊಳಗೆ ನಿಮ್ಮ ವಿಭಾಗದ ಇಬ್ಬರ ಹತ್ತಿರ ಮಾತಾಡಿ ಹೇಳ್ತೀರಾ?’ ಶುಕ್ರವಾರ ಮುಗಿಸಿದವರು ನಿಮ್ಮ ಮುಂದಿನ ಸಂಘಟಕರು. ಜೋರಾಗಿ ಭಾಷಣ ಮಾಡುವವರು ಬೇರೆ, ಅವರನ್ನು ಸಂಘಟಕರೆಂದು ಎಣಿಸಬೇಡಿ. ಹತ್ತು ಸದಸ್ಯರಿಗೆ ಒಬ್ಬ ಸಂಘಟಕರು ಇರಬೇಕು, ಹದಿನೈದು ದಾಟಿದರೆ ಕೈಗೆ ಸಿಗುವುದಿಲ್ಲ.

ಮಾತಾಡಿ ಬಂದ ದಿನವೇ ಪಟ್ಟಿಯಲ್ಲಿ ಗುರುತು ಹಾಕಿ: ಕೆಲಸ ಮಾಡುವವರು 1, ಜೊತೆಗಿರುವವರು 2, ಅನುಮಾನದಲ್ಲಿರುವವರು 3, ವಿರೋಧಿಸುವವರು 4. ‘ನೋಡೋಣ ಸರ್’ ಎಂದವರಿಗೆ 2 ಕೊಡುವುದು ನಮ್ಮ ಜನರ ಸಾಮಾನ್ಯ ತಪ್ಪು. ಅದು 3. ಈ ಒಂದು ತಪ್ಪಿನಿಂದಲೇ ಸಾವಿರ ಜನ ಬರುತ್ತಾರೆಂದು ನಂಬಿದ ಧರಣಿಗೆ ಇನ್ನೂರು ಜನ ಬರುತ್ತಾರೆ.

4. ಬೇಡಿಕೆ ಪಟ್ಟಿ: ಒಡಕು ಮೂಡುವ ಜಾಗ

ಬೇಡಿಕೆಗಳನ್ನು ನಾಯಕರು ಕೂತು ಬರೆಯಬಾರದು. ಮಾತುಕತೆಯಲ್ಲಿ ಹೆಚ್ಚು ಬಾರಿ ಬಂದದ್ದು ಮೇಲಕ್ಕೆ ಬರಲಿ. ಐದಕ್ಕಿಂತ ಹೆಚ್ಚು ಬೇಡ.

ಗೌರವಧನ ಕೇಳುವಾಗ ಅದೇ ವಾಕ್ಯದಲ್ಲಿ ಗಂಟೆಯ ಲೆಕ್ಕವನ್ನೂ ಕಟ್ಟಿಹಾಕಿ. 2022ರ ಜನವರಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ 11ರಿಂದ 13 ಸಾವಿರ ಇದ್ದದ್ದು 26ರಿಂದ 32 ಸಾವಿರಕ್ಕೆ ಏರಿತು. ಜೊತೆಯಲ್ಲೇ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು. ಇದ್ದ ಗಂಟೆಗಳು ಕಡಿಮೆ ಜನಕ್ಕೆ ಹಂಚಿಹೋದವು, ಉಳಿದವರು ಮನೆಗೆ ಹೋದರು. ಸಂಬಳ ಏರಿದ ಕಾಲೇಜಿನಲ್ಲೇ ಸಂಘ ಒಡೆದದ್ದಕ್ಕೆ ಇದೇ ಕಾರಣ. ‘ಗೌರವಧನ ಇಷ್ಟು, ಗಂಟೆ ಇಷ್ಟು, ಈಗ ಕೆಲಸದಲ್ಲಿರುವ ಯಾರನ್ನೂ ಕೈಬಿಡಬಾರದು’ ಎಂಬ ಮೂರೂ ಒಂದೇ ಬೇಡಿಕೆಯಾಗಿರಲಿ. ಬಿಡಿಸಿ ಬರೆದರೆ ಒಂದನ್ನು ಕೊಟ್ಟು ಎರಡನ್ನು ಕಿತ್ತುಕೊಳ್ಳುತ್ತಾರೆ.

ಎರಡನೆಯ ಒಡಕು ಅರ್ಹತೆಯದ್ದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅರ್ಹತೆ ಇದ್ದವರು, ಇಲ್ಲದವರು ಎಂದು ಎರಡು ಸಂಘಗಳಾದರೆ ಇಲಾಖೆಗೆ ಒಬ್ಬರನ್ನು ಇನ್ನೊಬ್ಬರ ಎದುರು ನಿಲ್ಲಿಸುವುದು ಸುಲಭ. ಅರ್ಹತೆಯಿಲ್ಲದ ಹಿರಿಯರನ್ನು ಹೊರಹಾಕುವ ಬೇಡಿಕೆಗೆ ಅರ್ಹತೆಯುಳ್ಳವರು ಸಹಿ ಹಾಕಬಾರದು. ಅರ್ಹತೆ ಪಡೆಯಲು ಕಾಲಾವಕಾಶ, ಆ ಅವಧಿಯಲ್ಲಿ ಸೇವೆಯ ರಕ್ಷಣೆ ಎಂಬ ಬೇಡಿಕೆಗೆ ಇಬ್ಬರೂ ಸೇರಬಹುದು. ಇದನ್ನು ಮೊದಲ ತಿಂಗಳಲ್ಲೇ ಮಾತಾಡಿ ಬರಹದಲ್ಲಿ ಇಡಿ. ಮುಷ್ಕರದ ಮಧ್ಯೆ ಮಾತಾಡಲು ಹೋದರೆ ಆಗುವುದಿಲ್ಲ.

ಮೂರನೆಯದು ‘ಕಾಯಂ’. ಎಲ್ಲರ ಬಾಯಲ್ಲೂ ಇರುವ ಬೇಡಿಕೆ ಇದೇ. ಆದರೆ 2006ರ ಉಮಾದೇವಿ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ ಪ್ರಕರಣ, ನೇಮಕಾತಿ ಪ್ರಕ್ರಿಯೆ ಇಲ್ಲದೆ ಬಂದವರನ್ನು ಕಾಯಂ ಮಾಡುವುದಕ್ಕೆ ಸುಪ್ರೀಂ ಕೋರ್ಟ್ ದೊಡ್ಡ ಅಡ್ಡಗೋಡೆ ಹಾಕಿದೆ. ಅದನ್ನು ಮುಚ್ಚಿಟ್ಟು ಸದಸ್ಯರಿಗೆ ಆಸೆ ತೋರಿಸುವುದು ಅನ್ಯಾಯ. ಸೇವಾ ಭದ್ರತೆಯ ದಾರಿ ಬೇರೆ ಇದೆ. ಪಶ್ಚಿಮ ಬಂಗಾಳದಲ್ಲಿ 2019ರ ನಂತರ ಕಾಲೇಜಿನ ಅತಿಥಿ, ಅರೆಕಾಲಿಕ ಶಿಕ್ಷಕರನ್ನು ಒಂದೇ ವರ್ಗಕ್ಕೆ ತಂದು 60 ವರ್ಷದವರೆಗೆ ಸೇವೆ ಕೊಟ್ಟರು. ಹರಿಯಾಣ 2024ರಲ್ಲಿ ಅತಿಥಿ ಉಪನ್ಯಾಸಕರ ಸೇವಾ ಭದ್ರತೆಗೆಂದೇ ಕಾಯ್ದೆ ಮಾಡಿತು. ವೇತನಕ್ಕೆ 2016ರ ಜಗಜೀತ್ ಸಿಂಗ್ ತೀರ್ಪಿನ ‘ಸಮಾನ ಕೆಲಸಕ್ಕೆ ಸಮಾನ ವೇತನ’ ಮತ್ತು ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪರವಾಗಿ 2025ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಆಧಾರ. ಯುಜಿಸಿ 2019ರಲ್ಲೇ ಅತಿಥಿ ಬೋಧಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50 ಸಾವಿರ ಎಂದು ಹೇಳಿದೆ. ಮನವಿ ಪತ್ರದಲ್ಲಿ ‘ದಯಮಾಡಿ’ ಕಡಿಮೆ ಮಾಡಿ ಇವುಗಳನ್ನು ಬರೆಯಿರಿ.

ಹೆರಿಗೆ ರಜೆಯನ್ನು ಬೇಡಿಕೆ ಪಟ್ಟಿಯ ಕೊನೆಗೆ ತಳ್ಳಬೇಡಿ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವರಿಗೆ ಹೆರಿಗೆ ಸೌಲಭ್ಯ ಸಿಗಬೇಕೆಂದು ಕಾನೂನೇ ಹೇಳುತ್ತದೆ. ಗುತ್ತಿಗೆಯ ಅವಧಿ ಮುಗಿಯಿತೆಂದು ಅದನ್ನು ನಿಲ್ಲಿಸುವಂತಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

5. ನೋಂದಣಿ

ಎರಡು ದಾರಿಗಳಿವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸೇರಿ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸುವುದು ಒಂದು. ಕಾರ್ಮಿಕ ಸಂಘವಾಗಿ ನೋಂದಾಯಿಸುವುದು ಇನ್ನೊಂದು. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಅಲ್ಲೂ ಅರ್ಜಿಗೆ ಏಳು ಜನ ಬೇಕು. ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ 1978ರಲ್ಲಿ ಶಿಕ್ಷಣ ಸಂಸ್ಥೆಯೂ ಉದ್ಯಮವೇ ಎಂದ ಸುಪ್ರೀಂ ಕೋರ್ಟ್, 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದಿತು. ಹಾಗಾಗಿ ಕಾರ್ಮಿಕ ವಿವಾದದ ಕಾನೂನನ್ನು ನಂಬಿ ಕೂರಬೇಡಿ. ಹೈಕೋರ್ಟಿನ ರಿಟ್ ಮತ್ತು ಸರ್ಕಾರದ ಜೊತೆ ನೇರ ಮಾತುಕತೆ, ಇವೇ ನಿಮ್ಮ ದಾರಿ. ಮೊದಲು ಸಂಘಗಳ ಕಾಯ್ದೆಯಡಿ ಮಾಡಿಸುವುದೇ ಮೇಲು.

ಡಿಟಿಪಿ ಅಂಗಡಿಯಲ್ಲಿ ಸಿಗುವ ಸಿದ್ಧ ಬೈಲಾ (ಸಂಘದ ನಿಯಮಾವಳಿ) ಮಾತ್ರ ಖಂಡಿತ ಬೇಡ. ಅದು ಯುವಕ ಸಂಘಕ್ಕೆ ಬರೆದದ್ದು, ಎಲ್ಲ ಅಧಿಕಾರವೂ ಅಧ್ಯಕ್ಷರದ್ದು. ನಿಮ್ಮ ಬೈಲಾದಲ್ಲಿ ಈ ವರ್ಷ ಕಾರ್ಯಭಾರ ಸಿಗದವರೂ ಎರಡು ವರ್ಷ ಮತದ ಹಕ್ಕಿರುವ ಸದಸ್ಯರಾಗಿಯೇ ಉಳಿಯುತ್ತಾರೆ ಎಂಬ ಕಲಂ ಇರಲೇಬೇಕು. ಕೆಲಸ ಹೋದ ದಿನವೇ ಸದಸ್ಯತ್ವವೂ ಹೋದರೆ ಸಂಘದ ಅಗತ್ಯ ಹೆಚ್ಚಿದ್ದವರೇ ಹೊರಗುಳಿಯುತ್ತಾರೆ. ಗುಪ್ತ ಮತದಾನ, ಎರಡು ವರ್ಷದ ಅವಧಿ, ಮೂರನೇ ಒಂದು ಭಾಗ ಮಹಿಳೆಯರು ಎಂಬುದನ್ನೂ ಸೇರಿಸಿ.

6. ಹಣ

ಗೌರವಧನ ಜಮೆಯಾದ ತಿಂಗಳಿಗೆ 100 ರೂಪಾಯಿ. ಜಮೆಯಾಗದ ತಿಂಗಳಲ್ಲಿ ಕೇಳಬೇಡಿ. ಪ್ರತಿ ರೂಪಾಯಿಗೂ ಕಾರ್ಬನ್ ಪ್ರತಿ ಇರುವ, ಕ್ರಮಸಂಖ್ಯೆಯ ರಸೀದಿ. ಬ್ಯಾಂಕ್ ಖಾತೆಗೆ ಬೇರೆ ಬೇರೆ ಕಾಲೇಜಿನ ಮೂವರಲ್ಲಿ ಇಬ್ಬರ ಸಹಿ.

‘ಕಾಯಂ ಮಾಡಿಸಲು ಕೇಸು ಹಾಕುತ್ತೇವೆ, ತಲಾ ಇಷ್ಟು ಕೊಡಿ’ ಎಂದು ಫೋನ್‌ಪೇ ನಂಬರು ಹಂಚುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೇಸಿಗೆ ಸಭೆಯ ನಿರ್ಣಯ, ಪ್ರತ್ಯೇಕ ಖಾತೆ, ಅರ್ಜಿದಾರರ ಪಟ್ಟಿ ಬೇಕು. ದಾಖಲಾದ ಮೇಲೆ ರಿಟ್ ಅರ್ಜಿಯ ಸಂಖ್ಯೆಯನ್ನು ಪ್ರತಿಯೊಬ್ಬರಿಗೂ ಕೊಡಬೇಕು. ಆ ಸಂಖ್ಯೆ ಹಾಕಿ ಹೈಕೋರ್ಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸಂಖ್ಯೆ ಕೊಡದವರ ಹತ್ತಿರ ಕೇಸೇ ಇಲ್ಲ ಎಂದು ತಿಳಿಯಿರಿ.

7. ಹೋರಾಟ ಮತ್ತು ಮಾತುಕತೆ

ಅನಿರ್ದಿಷ್ಟಾವಧಿ ಮುಷ್ಕರದಿಂದ ಆರಂಭಿಸಬೇಡಿ. ಮೊದಲು ಸಹಿ ಮಾಡಿದ ಮನವಿ, ಆಮೇಲೆ ಒಂದು ದಿನ ತೋಳಿಗೆ ಕಪ್ಪು ಪಟ್ಟಿ ಕಟ್ಟುವುದು, ನಂತರ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿ ಎದುರು ಧರಣಿ. ಪ್ರತಿ ಹಂತದಲ್ಲೂ ಬಂದವರನ್ನು ಸದಸ್ಯರ ಪಟ್ಟಿಯ ಎದುರಿಟ್ಟು ಎಣಿಸಿ. ಕಪ್ಪು ಪಟ್ಟಿಯನ್ನೇ ನೂರಕ್ಕೆ 70 ಜನ ಕಟ್ಟದಿದ್ದರೆ ತರಗತಿ ಬಹಿಷ್ಕಾರಕ್ಕೆ ಕಾಲ ಬಂದಿಲ್ಲ, ಮತ್ತೆ ಒಬ್ಬೊಬ್ಬರ ಜೊತೆ ಮಾತಿಗೆ (ಭಾಗ 3) ಹೋಗಿ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ, ಪೊಲೀಸರಿಗೆ ಮುಂಚಿತವಾಗಿ ಬರೆದುಕೊಡಬೇಕು. ವಿದ್ಯಾರ್ಥಿಗಳಿಗೆ ಒಂದು ಪುಟದ ಕರಪತ್ರ ಕೊಡಿ. ಹೋದ ಪಾಠಗಳನ್ನು ಹೇಗೆ ತುಂಬಿಸುತ್ತೀರಿ ಎಂಬುದೂ ಅದರಲ್ಲಿರಲಿ.

2023ರ ನವೆಂಬರಿನಲ್ಲಿ ಶುರುವಾದ ತರಗತಿ ಬಹಿಷ್ಕಾರದ ಫಲವಾಗಿ ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರದ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ತುಂಬಿದವರಿಗೆ ಇಡಿಗಂಟು ಘೋಷಣೆಯಾಯಿತು. ಕಾಯಮಾತಿ ಸಿಗಲಿಲ್ಲ. ಘೋಷಣೆ ಬೇರೆ, ಆದೇಶ ಬೇರೆ. ಸಚಿವರ ಬಾಯಿಮಾತು, ಪತ್ರಿಕಾ ಹೇಳಿಕೆ, ಸಭಾ ನಡಾವಳಿ, ಆರ್ಥಿಕ ಇಲಾಖೆಯ ಸಹಮತಿ, ಸರ್ಕಾರಿ ಆದೇಶ ಇವು ಐದು ಬೇರೆ ಬೇರೆ ಮೆಟ್ಟಿಲು. ಯಾವ ಮೆಟ್ಟಿಲಲ್ಲಿದ್ದೀರಿ ಎಂದು ಸದಸ್ಯರಿಗೆ ನಿಜ ಹೇಳಿ. ಮಾತುಕತೆಗೆ ಐವರು ಹೋಗಲಿ, ಅವರಲ್ಲಿ ಒಬ್ಬರ ಕೆಲಸ ಬರೆದುಕೊಳ್ಳುವುದು ಮಾತ್ರ. ನಡಾವಳಿಯ ಪ್ರತಿ ಕೈಗೆ ಬರುವವರೆಗೆ ಧರಣಿ ಮುಗಿಯಿತೆಂದು ಘೋಷಿಸಬೇಡಿ.

8. ಸೆಮಿಸ್ಟರಿನ ಕೊನೆಯ ವಾರ

ಬಿಡುಗಡೆಯ ಮೊದಲು ಪ್ರತಿ ಸಂಘಟಕರೂ ತಮ್ಮ ಹತ್ತು ಜನರಿಗೆ ಸೇವಾ ಪ್ರಮಾಣಪತ್ರ ಕೊಡಿಸಲಿ, ಗಂಟೆ ಮತ್ತು ತಿಂಗಳು ಸರಿಯಾಗಿವೆಯೇ ನೋಡಲಿ. ರಜೆಯಲ್ಲಿ ಎರಡು ಬಾರಿ ಫೋನ್ ಮಾಡಲಿ. ಕೌನ್ಸೆಲಿಂಗ್ ಮುಗಿದ ವಾರದಲ್ಲೇ ಲೆಡ್ಜರ್ ತೆಗೆದು ಹೊಸ ಕಾಲೇಜು ಬರೆಯಿರಿ. ಬೇರೆ ಊರಿಗೆ ಹೋದವರ ಹೆಸರನ್ನು ಅಲ್ಲಿನ ಸಂಘಟಕರಿಗೆ ದಾಟಿಸಿ. ಕಾರ್ಯಭಾರ ಸಿಗದವರ ಹೆಸರನ್ನು ಹೊಡೆದುಹಾಕಬೇಡಿ, ಬೇರೆ ಪುಟಕ್ಕೆ ಬರೆದು ಮೊದಲ ಸಭೆಗೆ ಅವರನ್ನೇ ಮೊದಲು ಕರೆಯಿರಿ.